ಒಂದೂವರೆ ಟನ್ ತಂಪು

ಏಸಿಯನ್ನು ಹದಿನಾರು ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಒಪ್ಪಿಕೊಳ್ಳಬೇಕಾದವು ಇದಕ್ಕಿಂತ ದೊಡ್ಡವು.

ನಾನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ. ನಮ್ಮ ಬಾಡಿಗೆ ಮನೆಯಲ್ಲಿ ಫ್ಯಾನೂ ಇರಲಿಲ್ಲ, ಬೇಕು ಅಂತ ಯಾರಿಗೂ ಅನ್ನಿಸಿರಲೂ ಇಲ್ಲ. ಆ ಒಂದು ನೆನಪನ್ನು ಬಂಡವಾಳ ಮಾಡಿಕೊಂಡು ನಾನು ವರ್ಷಗಟ್ಟಲೆ ಮಾತಾಡಿದ್ದೇನೆ. ಬೆಂಗಳೂರಿನವನು ಏಸಿ ಕೊಳ್ಳುವುದೆಂದರೆ ಊರಿಗೆ ಮಾಡುವ ಅವಮಾನ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ವಾದಿಸಿದ್ದೇನೆ. ಕನ್ನಡ ಮೇಷ್ಟ್ರಿಗೆ ಮಾತು ಕೆಲಸವೂ ಹೌದು, ಕಾಯಿಲೆಯೂ ಹೌದು.

ಈಗ ನಾವಿರುವುದು ಪುಟ್ಟೇನಹಳ್ಳಿಯ ಕೆರೆಗೆ ಎರಡು ರಸ್ತೆ ಆಚೆ, ನಂಜಪ್ಪನವರ ಮನೆಯ ಮಹಡಿಯಲ್ಲಿ. ನಂಜಪ್ಪನವರದು ಹಳ್ಳಿಯ ಹಳೆಯ ಕುಟುಂಬ. ಈಗ ಮನೆಗಳು ನಿಂತಿರುವ ಈ ಸಾಲೆಲ್ಲ ಅವರ ರಾಗಿ ಹೊಲವಾಗಿತ್ತಂತೆ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿದೆ. ಕೆಳಗಿನ ಮನೆಯಲ್ಲಿ ಹೆಂಡತಿಯೊಂದಿಗೆ ಇರುತ್ತಾರೆ; ಸಂಜೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಬಂದುಹೋಗುವವರಿಗೆ ಯಾರ ಮನೆ ಯಾವ ಬೆಳೆಯ ಮೇಲೆ ನಿಂತಿದೆ ಎಂದು ಹೇಳುತ್ತಾರೆ.

ಮಹಡಿಯ ಮನೆಯ ನೆತ್ತಿಗೆ ನೇರ ಬಿಸಿಲು. ಮಾರ್ಚ್ ಬಂತೆಂದರೆ ಮಲಗುವ ಕೋಣೆಯ ತಾರಸಿ ಸಂಜೆಯವರೆಗೂ ಕಾದ ಹಂಚಿನ ಹಾಗಿರುತ್ತದೆ. ನಾನು ಸಹಿಸುತ್ತಿದ್ದೆ. ಆದರೆ ನನ್ನ ಹೆಂಡತಿ ಸುಮಿತ್ರಾಗೆ ಐವತ್ತು ದಾಟಿದ ಮೇಲೆ ಬೇರೆಯದೇ ಒಂದು ಅವಸ್ಥೆ ಶುರುವಾಯಿತು. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರುವುದು, ಬೆವರು ಸುರಿಯುವುದು, ಐದು ನಿಮಿಷದಲ್ಲಿ ಚಳಿ ಹತ್ತುವುದು. ಈ ವಯಸ್ಸಿಗೆ ಇದು ಸಹಜ ಎಂದರು ಡಾಕ್ಟರು. ಸಹಜ ಅಂದ ಮಾತ್ರಕ್ಕೆ ಸೆಕೆ ಕಮ್ಮಿಯಾಗುತ್ತದೆಯೇ? ಹೋದ ವರ್ಷದ ಬೇಸಿಗೆಯಲ್ಲಿ ಒಂದು ದಿನ ಅವಳು ಒದ್ದೆ ಟವೆಲ್ ಕತ್ತಿಗೆ ಸುತ್ತಿಕೊಂಡು ಕೂತಿದ್ದಾಗ, ನಾನು ನಮ್ಮ ಕಾಲದ ಬೆಂಗಳೂರಿನ ಹವೆಯ ವಿಚಾರ ತೆಗೆದೆ.

"ನಿಮ್ಮ ಕಾಲದ ಹವಾ ನೀವೇ ಇಟ್ಕೊಳ್ಳಿ," ಅಂದಳು. "ನಂಗೆ ಈ ರೂಮಿಗೆ ಒಂದು ಏಸಿ ಬೇಕು."

ಹೀಗೆ ನನ್ನ ಸಿದ್ಧಾಂತ ಒಂದು ಟವೆಲಿನ ಮುಂದೆ ಸೋತಿತು.

ಗೋಡೆ ಕೊರೆಯುವುದಕ್ಕೆ ಯಜಮಾನರ ಅನುಮತಿ ಬೇಕಲ್ಲ. ನಂಜಪ್ಪನವರು ಎಲ್ಲ ಕೇಳಿಸಿಕೊಂಡು, "ಎಷ್ಟರದು ಮೇಷ್ಟ್ರೇ?" ಅಂದರು. ಅಂಗಡಿಯವನು ಹೇಳಿದಂತೆ, "ಒಂದೂವರೆ ಟನ್ನಿಂದು," ಅಂದೆ.

ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಒಂದೂವರೆ ಟನ್ನಾ! ನನ್ನ ಗೋಡೆಗೆ ನೇತಾಕ್ತೀರಾ? ಜೋಡೆತ್ತು ಸೇರಿದ್ರೂ ಅಷ್ಟು ತೂಗಲ್ಲ ಕಣ್ರೀ!"

ನಕ್ಕು ಸಮಾಧಾನ ಹೇಳಿದೆನೇನೋ ಸರಿ, ಆದರೆ ಟನ್ ಅಂದರೆ ಏನೆಂದು ನನಗೂ ತಿಳಿದಿರಲಿಲ್ಲ. ಮನೆಗೆ ಹೋಗಿ ಓದಿದೆ. ಮಂಜುಗಡ್ಡೆಯಿಂದ ಕಟ್ಟಡಗಳನ್ನು ತಂಪು ಮಾಡುತ್ತಿದ್ದ ಕಾಲದ ಲೆಕ್ಕವಂತೆ ಅದು. ಒಂದು ಟನ್ ಮಂಜುಗಡ್ಡೆ ಇಡೀ ಒಂದು ದಿನ ಕರಗುತ್ತಾ ಎಷ್ಟು ಬಿಸಿಯನ್ನು ಹೀರಿಕೊಳ್ಳುತ್ತದೋ, ಅಷ್ಟನ್ನು ಯಂತ್ರ ಕೋಣೆಯಿಂದ ಎತ್ತಿ ಹೊರಗೆ ಹಾಕುತ್ತದೆ. ಅಂದರೆ ಏಸಿ ತಂಪನ್ನು ತಯಾರಿಸುವುದೇ ಇಲ್ಲ. ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗಿ ಬೀದಿಗೆ ಸುರಿದು ಬರುತ್ತದೆ. ಇದನ್ನು ಮರುದಿನ ನಂಜಪ್ಪನವರಿಗೆ ವಿವರಿಸಿದೆ. "ಹಂಗಾದ್ರೆ ಕೂಲಿ ಆಳು ಅನ್ನಿ," ಎಂದು ಒಪ್ಪಿಗೆ ಕೊಟ್ಟರು. ಕೊಡುವಾಗ ಒಂದೇ ಷರತ್ತು: "ವೈರಿಂಗ್ ಮಾತ್ರ ಸರಿಯಾಗಿ ಮಾಡಿಸ್ಕೊಳ್ಳಿ."

ಏಸಿ ಕೂರಿಸಲು ಬಂದವನೂ ಅದನ್ನೇ ಹೇಳಿದ. ಒಳಗಿನ ಪೆಟ್ಟಿಗೆಯನ್ನು ಕಿಟಕಿಯ ಮೇಲೂ, ಹೊರಗಿನದನ್ನು ಕಿಟಕಿಯಾಚೆಯ ಸಜ್ಜದ ಮೇಲೂ ಕೂರಿಸಿದ. ಆದರೆ ದಪ್ಪ ಪಿನ್ನಿನ ಪವರ್ ಪ್ಲಗ್ ಇದ್ದದ್ದು ಎದುರು ಗೋಡೆಯಲ್ಲಿ, ಬಾಗಿಲ ಪಕ್ಕ. "ಎಲೆಕ್ಟ್ರಿಷಿಯನ್ ಕರೆಸಿ ಇಲ್ಲಿಗೇ ಬೇರೆ ಲೈನ್ ಎಳೆಸಿ ಸಾರ್, ಅಲ್ಲೀವರೆಗೂ ಹಾಕ್ಬೇಡಿ," ಅಂದು ಹೋದ.

ಅವನು ಗೇಟು ದಾಟಿ ಒಂದು ಗಂಟೆಯೂ ಆಗಿರಲಿಲ್ಲ. ಸುಮಿತ್ರಾಳ ಹಣೆಯಲ್ಲಿ ಬೆವರು ಕಂಡಿತು. ಟಿವಿಗೆಂದು ತಂದಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಬೀರುವಿನ ಹಿಂದೆ ಹಾಯಿಸಿ ಕಿಟಕಿಯವರೆಗೆ ಎಳೆದೆ. ಏಸಿಯ ದಪ್ಪ ಪಿನ್ನು ಅದರ ಸಣ್ಣ ತೂತಿಗೆ ಹೋಗುವುದಿಲ್ಲ. ಆದರೆ ಹೋಗದ್ದನ್ನು ಹೋಗಿಸುವ ಒಂದು ಪ್ಲಗ್ಗೂ ಅಂಗಡಿಯಲ್ಲಿ ಸಿಗುತ್ತದೆ. ಸಿಕ್ಕಿಸಿದೆ. ಏಸಿ ಓಡಿತು. ನಾಳೆ ಕರೆಸಿದರಾಯಿತು ಅಂದುಕೊಂಡೆ. ವಾರದ ಮೇಲೆ ನಂಜಪ್ಪನವರು ಗೇಟಿನಲ್ಲಿ, "ಲೈನ್ ಎಳೆಸಿದ್ರಾ?" ಎಂದು ಕೇಳಿದಾಗ "ಹೂಂ, ಆಯ್ತು" ಅಂದುಬಿಟ್ಟೆ. ಅಂಥ ಸುಳ್ಳಿನಲ್ಲಿ ಒಂದು ಅನುಕೂಲವಿದೆ. ಹೇಳಿದ ಮೇಲೆ ಆ ಕೆಲಸ ನಮಗೂ ಮುಗಿದಂತೆಯೇ ಅನ್ನಿಸಿಬಿಡುತ್ತದೆ.

ಆ ಬೇಸಿಗೆ ಹೇಗೋ ಸುಸೂತ್ರವಾಗಿ ಕಳೆಯಿತು. ನಾನು ಹದಿನಾರಕ್ಕೆ ಇಡುವುದು, ಕಾಲು ಗಂಟೆಯಲ್ಲಿ ಸುಮಿತ್ರಾ ರಗ್ಗು ಹೊದ್ದು ಆರಿಸುವುದು, ಸೆಕೆಯಾಗಿ ಮತ್ತೆ ಹಾಕುವುದು. ಮಳೆಗಾಲ, ಚಳಿಗಾಲ ಪೂರ್ತಿ ಯಂತ್ರ ಗೋಡೆಯ ಮೇಲೆ ಸುಮ್ಮನೆ ಕೂತಿತ್ತು. ಅದರೊಳಗೊಂದು ಜಾಲರಿ ಇದೆ, ಅದನ್ನು ತೊಳೆಯಬೇಕು ಎನ್ನುವುದು ಅದರ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತಂತೆ. ಇಡೀ ದಿನ ವಿದ್ಯಾರ್ಥಿಗಳಿಗೆ ಓದಿ ಓದಿ ಎನ್ನುವ ನಾನು ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೂ ಹರಿದಿರಲಿಲ್ಲ.

ಈ ವರ್ಷ ಬೇಸಿಗೆ ಬಂದಾಗ ಯಂತ್ರಕ್ಕೆ ಮುನಿಸು. ಹದಿನಾರಕ್ಕಿಟ್ಟರೂ ತಂಪಿಲ್ಲ, ಬದಲಿಗೆ ಮೂತಿಯಿಂದ ನೀರು ತೊಟ್ಟಿಕ್ಕಿ ನನ್ನ ದಿಂಬು ನೆನೆಯತೊಡಗಿತು. ಫೋನಿನಲ್ಲಿ ಒಬ್ಬ ರಿಪೇರಿಯವನನ್ನು ಕೇಳಿದರೆ, ನೋಡದೆಯೇ "ಗ್ಯಾಸ್ ಹೋಗಿದೆ ಸಾರ್" ಅಂದ. ನನಗೆ ನಂಬಿಕೆ ಬರಲಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ಮನುಷ್ಯ ಹೊರಗಿನ ಪೆಟ್ಟಿಗೆಗೆ ನೀರು ಹೊಡೆದು, ಬ್ರಷ್ಷಿನಲ್ಲಿ ಉಜ್ಜಿ, ಹತ್ತೇ ನಿಮಿಷದಲ್ಲಿ ಹೊಸದರಂತೆ ಮಾಡಿಬಿಟ್ಟಿದ್ದ.

ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿಕಟ್ಟಿದೆ. ರಿಮೋಟಿನಲ್ಲಿ ಏಸಿ ಆರಿಸಿದೆ. ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಹಳೆಯ ಬಟ್ಟೆ ಬ್ರಷ್ಷು. ಆ ಕಿಟಕಿಗೆ ಕಂಬಿ ಇಲ್ಲ, ಜಾರುವ ಗಾಜು ಮಾತ್ರ. ಒಂದು ಕಾಲನ್ನು ಕಿಟಕಿಯಾಚೆ ಸಜ್ಜದ ಮೇಲೆ ಇಟ್ಟೆ. ಸುಮಿತ್ರಾ ಹಿಂದಿನಿಂದ ನನ್ನ ಬನಿಯನ್ ಹಿಡಿದುಕೊಂಡು ಬೈಯುತ್ತಿದ್ದಳು. ಆಗ ಕೆಳಗಿನಿಂದ ಗುಡುಗಿದಂತೆ ನಂಜಪ್ಪನವರ ಧ್ವನಿ.

"ಮೇಷ್ಟ್ರೇ! ಒಳಗೋಗಿ! ಆ ಸಜ್ಜ ಹಾಕ್ಸಿದ್ದು ನಾನೇ, ಅದರ ಯೋಗ್ತೆ ನಂಗೊತ್ತು!"

ಕಾಲು ಒಳಗೆಳೆದುಕೊಂಡೆ. ಮಾನ ಹೋಯಿತಲ್ಲ ಎಂಬ ಬೇಸರವೇ ಆ ಇಡೀ ದಿನ ನನ್ನನ್ನು ಕಾಡಿತು. ಆಗ ಹೋಗಬಹುದಾಗಿದ್ದದ್ದು ಅದಲ್ಲ ಎಂದು ತಿಳಿದದ್ದು ಆಮೇಲೆ.

ಮಂಗಳವಾರ ಮಧ್ಯಾಹ್ನ. ಸುಮಿತ್ರಾ ಶಾಲೆಯೊಂದರಲ್ಲಿ ಟೀಚರು; ಬೇಸಿಗೆ ರಜೆಯಾದ್ದರಿಂದ ಊಟ ಮಾಡಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಳು. ತಂಪಿಲ್ಲದಿದ್ದರೂ ಏಸಿ ಓಡುತ್ತಲೇ ಇತ್ತು. ನಾನು ಹಾಲಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. ಪ್ಲಾಸ್ಟಿಕ್ಕು. ಯಾರೋ ಕೆರೆಯ ಕಡೆ ಕಸಕ್ಕೆ ಬೆಂಕಿ ಹಾಕಿದ್ದಾರೆ ಎಂದುಕೊಂಡು, ಬೈದುಕೊಂಡು, ಎದ್ದುಹೋಗಿ ಹಾಲಿನ ಕಿಟಕಿ ಮುಚ್ಚಿ ಬಂದೆ. ಮತ್ತೆರಡು ಪತ್ರಿಕೆ ತಿದ್ದಿದೆ. ವಾಸನೆ ಹೆಚ್ಚಾಯಿತು. ತಲೆಯೆತ್ತಿದರೆ ಕೋಣೆಯ ಬಾಗಿಲ ಕೆಳಗಿನ ಸಂದಿಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು.

ಬಾಗಿಲು ತಳ್ಳಿದಾಗ ಬೀರುವಿನ ಹಿಂದಿನಿಂದ ಕಪ್ಪು ಹೊಗೆ ಏಳುತ್ತಿತ್ತು, ಪರದೆಯ ಅಂಚಿಗೆ ಸಣ್ಣ ಉರಿ ಹತ್ತಿತ್ತು. ಸುಮಿತ್ರಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಹೆಸರು ಹಿಡಿದು ಕೂಗಿದ್ದು ನೆನಪಿದೆ, ಬಚ್ಚಲಿಗೆ ಓಡಿ ಬಕೆಟ್ ತಂದದ್ದು ನೆನಪಿದೆ. ಕೆಮ್ಮುತ್ತಾ ಎದ್ದ ಅವಳು ನನ್ನ ಕೈಯಲ್ಲಿ ಬಕೆಟ್ ನೋಡಿ ಕಿರುಚಿದಳು.

"ನೀರು ಹಾಕ್ಬೇಡಿ! ಕರೆಂಟಿದೆ! ಮೇನ್ ತೆಗೀರಿ, ಮೇನ್!"

ಮೇನ್ ಸ್ವಿಚ್ಚು ಕೆಳಗೆ, ಮೆಟ್ಟಿಲ ಅಡಿಯಲ್ಲಿ. ಕೂಗು ಕೇಳಿದ ನಂಜಪ್ಪನವರು ನಾನು ಇಳಿಯುವಷ್ಟರಲ್ಲಿ ಅದನ್ನು ಎಳೆದಾಗಿತ್ತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಸುರಿದಿದ್ದ ಮರಳನ್ನು ಬಾಂಡ್ಲಿಯಲ್ಲಿ ತುಂಬಿಕೊಂಡು ಮೆಟ್ಟಿಲು ಹತ್ತಿದರು. ಎರಡು ಬಾಂಡ್ಲಿ ಮರಳಿಗೆ ಎಲ್ಲ ಮುಗಿಯಿತು. ಗೋಡೆಯ ಮೇಲೆ ಮೊರದಗಲ ಕಪ್ಪು, ಅರ್ಧ ಸುಟ್ಟ ಪರದೆ, ಮರಳಿನೊಳಗೆ ಬೆಲ್ಲದ ಪಾಕದಂತೆ ಕರಗಿದ್ದ ಎಕ್ಸ್‌ಟೆನ್ಷನ್ ಬೋರ್ಡು.

ನಂಜಪ್ಪನವರು ಅದನ್ನು ಕಾಲಿನಿಂದ ಮೆಲ್ಲಗೆ ಸರಿಸಿ ನೋಡಿದರು. "ಲೈನ್ ಎಳೆಸಿದ್ದೀನಿ ಅಂದ್ರಲ್ಲ ಮೇಷ್ಟ್ರೇ?"

"ಸುಳ್ಳು ಹೇಳ್ದೆ," ಅಂದೆ.

ಅವರು ಬೈದಿದ್ದರೆ ಹಗುರಾಗುತ್ತಿತ್ತು. ಸುಮಿತ್ರಾಳ ಕಡೆ ತಿರುಗಿ, "ಕೆಳಗೆ ಬಾಮ್ಮ, ನೀರು ಕುಡಿ," ಎಂದು ಕರೆದುಕೊಂಡು ಹೋದರು. ನಾನು ಆ ಕೋಣೆಯಲ್ಲಿ ಒಬ್ಬನೇ ನಿಂತು ಅವಳು ಮಲಗಿದ್ದ ಜಾಗಕ್ಕೂ ಆ ಕಪ್ಪು ಗೋಡೆಗೂ ಎಷ್ಟು ದೂರ ಎಂದು ನೋಡಿದೆ. ಕೈ ಚಾಚಿದರೆ ಸಿಗುವಷ್ಟು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಸುಮಿತ್ರಾಳ ಸಹೋದ್ಯೋಗಿಯೊಬ್ಬರು ಹೇಳಿ ಕಳಿಸಿದ್ದರು. ಸುಮಾರು ಮೂವತ್ತೈದರ ಹೆಂಗಸು, ಚೂಡಿದಾರದ ಮೇಲೊಂದು ಖಾಕಿ ಶರ್ಟು, ಹೆಗಲಿಗೆ ಹಗ್ಗ, ಕೈಯಲ್ಲಿ ಭಾರದ ಚೀಲ.

"ಮೆಕ್ಯಾನಿಕ್ ಹಿಂದೆ ಬರ್ತಿದ್ದಾರೇನಮ್ಮ?" ಎಂದು ಕೇಳಿದೆ.

"ಮುಂದೇನೇ ಬಂದಿದ್ದಾರೆ ಸಾರ್. ಏಸಿ ಎಲ್ಲಿ?" ಅಂದಳು.

ಹೆಸರು ಶಶಿಕಲಾ. ನನ್ನ ಮುಖ ಕೆಂಪಾದದ್ದನ್ನು ನೋಡಿಯೂ ನೋಡದವಳಂತೆ ಕೆಲಸಕ್ಕಿಳಿದಳು. ಮೊದಲು ಸುಟ್ಟ ಜಾಗವನ್ನು ನೋಡಿದಳು. "ಫೋನ್ ಚಾರ್ಜ್ ಮಾಡೋ ಅಂಥ ವೈರಲ್ಲಿ ಇಷ್ಟು ದೊಡ್ಡ ಮೆಷಿನ್ ಓಡ್ಸಿದ್ದೀರ. ಒಂದು ವರ್ಷ ತಡ್ಕೊಂಡಿದ್ದೇ ದೊಡ್ಡದು," ಅಂದಳು. ಆಮೇಲೆ ಬಾಗಿಲ ಪಕ್ಕದ ಪವರ್ ಪ್ಲಗ್ಗಿಗೆ ಮೀಟರಿನ ಕಡ್ಡಿಗಳನ್ನು ಚುಚ್ಚಿ, ಹುಬ್ಬು ಗಂಟಿಕ್ಕಿ, ಕೆಳಗೆ ಹೋಗಿ ನಂಜಪ್ಪನವರ ಮನೆಯ ಪ್ಲಗ್ಗುಗಳಿಗೂ ಚುಚ್ಚಿ ಬಂದಳು. ಹಿಂದೆಯೇ ನಂಜಪ್ಪನವರೂ ಬಂದರು.

"ಅಂಕಲ್, ಈ ಬೀದಿಯೆಲ್ಲ ನಿಮ್ಮ ಭೂಮಿನೇ ಅಂತೆ. ಆದ್ರೆ ನಿಮ್ಮ ಮನೆಯಿಂದ ಭೂಮಿಗೆ ಒಂದು ವೈರೂ ಹೋಗಿಲ್ಲ. ದಾರಿ ತಪ್ಪಿದ ಕರೆಂಟನ್ನ ಮಣ್ಣಿಗಿಳಿಸೋ ಅರ್ಥಿಂಗೇ ಇಲ್ಲ."

"ಮೂರು ತೂತಿದೆಯಲ್ಲಮ್ಮ?" ಅಂದರು ನಂಜಪ್ಪನವರು.

"ತೂತಿದೆ ಅಂಕಲ್. ಅದರ ಹಿಂದೆ ಏನೂ ಇಲ್ಲ."

ಅವರು ಬಗ್ಗಿ ಆ ಮೂರು ತೂತುಗಳನ್ನು ನೋಡಿದರು. ಆಮೇಲೆ ಮಂಚದ ಅಂಚಿಗೆ ಕೂತು, ನನ್ನ ಕಡೆ ನೋಡದೆ ಹೇಳಿದರು: "ಗೊತ್ತಿತ್ತು ಮೇಷ್ಟ್ರೇ. ಮನೆ ಕಟ್ಟೋವಾಗ ಮೇಸ್ತ್ರಿ ಆಮೇಲೆ ಹಾಕ್ಸಾಣ ಅಂದ. ಆಮೇಲೆ ಗೃಹಪ್ರವೇಶ ಆಗೋಯ್ತು. ಬಚ್ಚಲ ನಲ್ಲಿ ಮುಟ್ಟಿದ್ರೆ ಜುಮ್ ಅಂತಿತ್ತು, ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು ಅಂತ ನಮ್ಮೋಳಿಗೆ ಹೇಳಿದ್ದೆ. ನಿಮಗೆ ಹೇಳ್ಲಿಲ್ಲ. ವೈರಿಂಗ್ ನೀವೇ ಸರಿ ಮಾಡಿಸ್ಕೊಳ್ತೀರಿ ಅಂತ ಸುಮ್ನಾದೆ."

ಮಹಡಿಯವನು ಕೆಳಗಿನವರಿಂದ ಮುಚ್ಚಿಟ್ಟದ್ದು ಒಂದು, ಕೆಳಗಿನವರು ಮಹಡಿಯವನಿಂದ ಮುಚ್ಚಿಟ್ಟದ್ದು ಒಂದು. ಒಬ್ಬರನ್ನೊಬ್ಬರು ಬೈಯುವ ಹಕ್ಕನ್ನು ಇಬ್ಬರೂ ಕಳೆದುಕೊಂಡು ಕೂತೆವು.

ಶಶಿಕಲಾ ಕಿಟಕಿಯ ಹೊರಗೆ ಹೋಗುವ ಮೊದಲು ಮೇನ್ ಆರಿಸಲು ಹೇಳಿ, ಸೊಂಟಕ್ಕೆ ಬೆಲ್ಟು ಬಿಗಿದು, ಹಗ್ಗದ ತುದಿಯನ್ನು ತಾರಸಿಯ ಕಂಬಕ್ಕೆ ಕಟ್ಟಿ, ಎರಡು ಸಲ ಜಗ್ಗಿ ನೋಡಿದಳು. ಸಜ್ಜದ ಮೇಲೆ ಪೂರ್ತಿ ಭಾರ ಹಾಕದೆ, ಹೊರಗಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನನ್ನನ್ನು ಕರೆದಳು. ಒಂದು ವೈರಿನ ಸಿಪ್ಪೆಯನ್ನು ಇಲಿ ತಿಂದಿತ್ತು. ಒಳಗಿನ ತಂತಿ ಪೆಟ್ಟಿಗೆಯ ತಗಡಿಗೆ ತಾಗಿಕೊಂಡಿತ್ತು.

ನಾನು ಭಾನುವಾರದ ಕಥೆ ಹೇಳಿದೆ. ನಗಬಹುದು ಅಂದುಕೊಂಡಿದ್ದೆ.

ಅವಳು ನಗಲಿಲ್ಲ. "ರಿಮೋಟಲ್ಲಿ ಆಫ್ ಮಾಡಿದ್ರೆ ಮೆಷಿನ್ ನಿಲ್ಲುತ್ತೆ ಸಾರ್, ಕರೆಂಟ್ ನಿಲ್ಲಲ್ಲ. ಒದ್ದೆ ಕೈಲಿ ಇದನ್ನ ಮುಟ್ಟಿದ್ರೆ, ಅರ್ಥಿಂಗ್ ಬೇರೆ ಇಲ್ಲ, ಒಂದು ಕಾಲು ಆಚೆ. ಅಂಕಲ್ ಕೂಗದೇ ಇದ್ದಿದ್ರೆ ಇವತ್ತು ಈ ಮನೆಗೆ ಬರೋರು ನಾನಾಗಿರ್ತಿರ್ಲಿಲ್ಲ."

ಸುಮಿತ್ರಾ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳ ಸದ್ದು ಬಹಳ ಹೊತ್ತು ಬರಲಿಲ್ಲ.

ಉಳಿದದ್ದು ನಿಜಕ್ಕೂ ಸಣ್ಣ ಕೆಲಸ. ಮುಂದಿನ ಮುಚ್ಚಳ ಎತ್ತಿ ಜಾಲರಿ ಹೊರತೆಗೆದು ನನ್ನ ಕೈಗಿಟ್ಟಳು. "ಇದು ಫಿಲ್ಟರಾ ಸಾರ್, ಕಂಬಳೀನಾ?" ಪಕ್ಕದ ಸೈಟಿನ ಸಿಮೆಂಟು, ಅಗೆದ ರಸ್ತೆಯ ಮಣ್ಣು, ನಮ್ಮ ಹತ್ತಿ ಹಾಸಿಗೆಯ ನಾರು, ಎಲ್ಲ ಅದರಲ್ಲಿ ಒತ್ತಾಗಿ ನೇಯ್ದುಕೊಂಡಿತ್ತು. ಗಾಳಿಯೇ ಹೋಗದ ಮೇಲೆ ತಂಪೆಲ್ಲಿಂದ ಬರಬೇಕು? ನಲ್ಲಿಯ ಕೆಳಗೆ ನನ್ನಿಂದಲೇ ತೊಳೆಸಿದಳು; ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆಂದು ನೆರಳಲ್ಲಿ ಒಣಗಿಸಿದಳು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡಿ ಅಂದಳು. ನೀರು ಹೋಗುವ ಕೊಳವೆಯಲ್ಲಿ ಲೋಳೆ ಕಟ್ಟಿತ್ತು, ಊದಿ ತೆಗೆದಳು. ನನ್ನ ದಿಂಬಿನ ಕಷ್ಟ ಅಲ್ಲಿಗೆ ಮುಗಿಯಿತು. ಇಲಿ ತಿಂದ ವೈರನ್ನು ಬದಲಾಯಿಸಿ, ನಂಜಪ್ಪನವರ ಕೈಯಲ್ಲಿ ಒಂದು ಚೀಟಿ ಇಟ್ಟಳು. ಅದರಲ್ಲಿ ಅವಳ ಪರಿಚಯದ ಎಲೆಕ್ಟ್ರಿಷಿಯನ್ ಹೆಸರು. ಅರ್ಥಿಂಗ್ ಆಗಿ, ಏಸಿಗೇ ಅಂತ ದಪ್ಪ ವೈರಿನ ಪ್ರತ್ಯೇಕ ಲೈನ್ ಬಂದ ಮೇಲೆ ಬಂದು ಗ್ಯಾಸ್ ನೋಡುತ್ತೇನೆ, ಅಲ್ಲೀವರೆಗೂ ಮುಟ್ಟಬೇಡಿ ಅಂದಳು.

ಕಾಫಿ ಕುಡಿಯುವಾಗ ಸುಮಿತ್ರಾ ಕೇಳಿದಳು, ಈ ಕೆಲಸಕ್ಕೆ ಹೇಗೆ ಬಂದೆಯಮ್ಮ ಎಂದು.

"ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿದ್ದೆ ಆಂಟಿ, ಐರನ್ ಸೆಕ್ಷನ್ನಲ್ಲಿ. ಎಂಟು ವರ್ಷ ಆವಿ ಮುಂದೆ ನಿಂತಿದ್ದೆ. ಅಲ್ಲಿ ಆಫೀಸಲ್ಲಿ ಮಾತ್ರ ಏಸಿ. ಸರ್ವಿಸ್ ಮಾಡೋರು ಬಂದಾಗ ಬಾಗಿಲು ತೆರೆದಿರ್ತಿತ್ತು, ಆ ತಂಪಿಗೆ ಅಂತ ಹೋಗಿ ನಿಂತ್ಕೊಂಡು ನೋಡ್ತಿದ್ದೆ. ನೋಡ್ತಾ ನೋಡ್ತಾ, ಇದನ್ನ ನಾನೂ ಮಾಡಬಹುದಲ್ಲ ಅನ್ನಿಸ್ತು. ಟ್ರೈನಿಂಗ್ ಸೇರ್ಕೊಂಡೆ."

ಹೋಗುವ ಮುನ್ನ ನನ್ನ ಹದಿನಾರು ಡಿಗ್ರಿಯ ನಂಬಿಕೆಯನ್ನೂ ರಿಪೇರಿ ಮಾಡಿದಳು. "ಆಟೋದವನಿಗೆ ಬನಶಂಕರಿ ಅಂದ್ರೂ ಅದೇ ಆಟೋ, ಮೈಸೂರು ಅಂದ್ರೂ ಅದೇ ಆಟೋ ಸಾರ್. ದೂರ ಹೇಳಿದ್ರೆ ಜೋರಾಗಿ ಹೋಗಲ್ಲ, ಜಾಸ್ತಿ ಹೊತ್ತು ಓಡುತ್ತೆ ಅಷ್ಟೇ. ಇಪ್ಪತ್ತನಾಲ್ಕು, ಇಪ್ಪತ್ತೈದಕ್ಕೆ ಇಡಿ. ಕಿಟಕಿಗೆ ದಪ್ಪ ಪರದೆ ಹಾಕಿ, ಫ್ಯಾನ್ ನಿಧಾನಕ್ಕೆ ತಿರುಗ್ಲಿ. ಆಂಟಿಗೆ ಸೆಕೆನೂ ಆಗಲ್ಲ, ಚಳಿನೂ ಆಗಲ್ಲ."

ಅರ್ಥಿಂಗಿಗೆ ಆಳೆತ್ತರದ ಗುಂಡಿ ಬೇಕು. ಎಲೆಕ್ಟ್ರಿಷಿಯನ್ ಆಳು ಕರೆತರುತ್ತೇನೆ ಎಂದ. ನಂಜಪ್ಪನವರು ಬೇಡವೆಂದರು. ಶನಿವಾರ ಬೆಳಿಗ್ಗೆ ಗೇಟಿನ ಪಕ್ಕದ ಎರಡು ಕಲ್ಲುಚಪ್ಪಡಿಗಳನ್ನು ನಾನೂ ಅವರೂ ಸೇರಿ ಮೀಟಿ ತೆಗೆದೆವು. ಅವರು ಅಟ್ಟದಿಂದ ಹಾರೆ, ಗುದ್ದಲಿ ಇಳಿಸಿಕೊಂಡು ಬಂದರು. ಗುದ್ದಲಿಯ ಹಿಡಿಗೆ ಹೊಸ ಬೆಣೆ ಹೊಡೆದಿದ್ದರು. ನಾನು ಅಗೆಯಲು ಹೋದರೆ, "ನೀವು ಮಣ್ಣು ಎತ್ತಾಕಿ ಸಾಕು" ಅಂದರು.

ಮೊದಲು ಬಂದದ್ದು ಮನೆ ಕಟ್ಟಿದಾಗಿನ ಜಲ್ಲಿ, ಇಟ್ಟಿಗೆ ಚೂರು. ಮೊಣಕಾಲಾಳಕ್ಕೆ ಹೋದ ಮೇಲೆ ಬಣ್ಣ ಬದಲಾಯಿತು. ಕೆಮ್ಮಣ್ಣು, ಒದ್ದೆ ಒದ್ದೆ. ನಂಜಪ್ಪನವರು ಗುದ್ದಲಿ ನಿಲ್ಲಿಸಿ ಒಂದು ಹಿಡಿ ಎತ್ತಿಕೊಂಡು ಹಿಸುಕಿದರು, ಮೂಗಿನ ಬಳಿ ಹಿಡಿದರು.

"ಇಲ್ಲಿ ಅವರೆ ಹಾಕ್ತಿದ್ವಿ," ಅಂದರು. "ರಾಗಿ ಸಾಲಿನ ಮಧ್ಯೆ. ನಮ್ಮಪ್ಪ ಹಾಕ್ತಿದ್ರು." ಆ ಹಿಡಿ ಮಣ್ಣನ್ನು ಗುಂಡಿಯ ಅಂಚಿಗಿಟ್ಟು, ಮತ್ತೆ ಅಗೆಯತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಗುಂಡಿಯೊಳಗೆ ಅವರ ತಲೆಯ ಟವೆಲ್ ಮಾತ್ರ ಕಾಣುತ್ತಿತ್ತು. ಎಲೆಕ್ಟ್ರಿಷಿಯನ್ನೂ ಅವರೂ ಸೇರಿ ಕೆಳಗೆ ಲೋಹದ ಕೊಳವೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ಮೇಲಿಂದ ಆ ಮಣ್ಣನ್ನೇ ಮುಚ್ಚಿದರು. ಅಲ್ಲಿಂದ ಒಂದು ಹಸಿರು ವೈರು ಗೋಡೆ ಹತ್ತಿ ಕೆಳಗಿನ ಮನೆಗೂ, ನಮ್ಮ ಮನೆಗೂ ಬಂತು. ಏಸಿಯ ಪಕ್ಕದಲ್ಲೇ ಹೊಸ ಪ್ಲಗ್ಗು, ಅದಕ್ಕೇ ಅಂತ ಬೇರೆ ಸ್ವಿಚ್ಚು.

ಶಶಿಕಲಾ ಸೋಮವಾರ ಬಂದು ಎಲ್ಲ ಕಡೆ ಮೀಟರ್ ಚುಚ್ಚಿ ತಲೆಯಾಡಿಸಿದಳು. ಏಸಿ ಓಡಿಸಿ ಗ್ಯಾಸ್ ನೋಡಿದಳು. ಸರಿಯಾಗಿಯೇ ಇತ್ತು. ಹೊರಡುವಾಗ, ಬೇಸಿಗೆಯಲ್ಲಿ ಗುಂಡಿಯ ಮಣ್ಣು ಒಣಗಲು ಬಿಡಬಾರದು, ಒಣಮಣ್ಣಿಗೆ ಕರೆಂಟು ಇಳಿಯುವುದಿಲ್ಲ, ದಿನಾ ಒಂದು ಕೊಡ ನೀರು ಹಾಕಿ ಅಂದಳು.

ಆ ಕೆಲಸವನ್ನು ನಂಜಪ್ಪನವರು ನನಗೆ ಬಿಟ್ಟುಕೊಟ್ಟಿಲ್ಲ. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಕೊಡ ಹಿಡಿದು ಅಲ್ಲಿರುತ್ತಾರೆ. ಒಮ್ಮೆಗೇ ಸುರಿಯುವುದಿಲ್ಲ, ಬೆರಳು ಅಡ್ಡ ಹಿಡಿದು, ನೀರು ಇಂಗುವವರೆಗೆ ಕಾದು, ಮತ್ತೆ ಹಾಕುತ್ತಾರೆ. ಕೆರೆಯ ಸುತ್ತ ವಾಕಿಂಗ್ ಮುಗಿಸಿ ಬರುವವರು ದಿನಾ ನೋಡುತ್ತಾರಲ್ಲ, ಅವರಲ್ಲೊಬ್ಬರು ಮೊನ್ನೆ ಗೇಟಿನ ಬಳಿ ನಿಂತು ಕೇಳಿದರು.

"ಏನ್ ಹಾಕಿದ್ದೀರಾ ಅಂಕಲ್, ಇನ್ನೂ ಮೊಳಕೆನೇ ಬಂದಿಲ್ಲ?"

ನಂಜಪ್ಪನವರು ತಲೆಯೆತ್ತದೆ ಹೇಳಿದರು: "ಬರಲ್ಲಪ್ಪ. ಮೇಲೊಂದು ಮನೆ ಇದೆ, ಅವರಿಗೆ ಹಾಕ್ತಾ ಇರೋದು."